ಟಿಕೆಟ್ ಮೊದಲು, ವೀಸಾ ಆಮೇಲೆ: ಮ್ಯೂನಿಕ್‌ನಲ್ಲಿ ಮೆಟಾಲಿಕಾ

ಪ್ರಶ್ನೆ: ಯುರೋಪ್ ಪ್ರವಾಸಕ್ಕೆ ಹೊರಟಿದ್ದೇನೆ. ಅದೇ ಸಮಯಕ್ಕೆ ನನ್ನಿಷ್ಟದ ರಾಕ್ ಬ್ಯಾಂಡ್ ಅಲ್ಲಿ ಶೋ ಮಾಡುತ್ತಿದೆ. ಟಿಕೆಟ್ ರೇಟ್ ನೋಡಿದರೆ ತಲೆ ತಿರುಗುತ್ತದೆ. ಹೀಗೆ ಹೊರದೇಶದಲ್ಲಿ ಶೋ ನೋಡಿದವರು ಯಾರಾದರೂ ಇದ್ದೀರಾ? ಅಷ್ಟು ದುಡ್ಡು ಸುರಿಯಬಹುದಾ, ಇಲ್ಲ ನಮ್ಮೂರಿಗೆ ಬರುವ ತನಕ ಕಾಯೋದೇ ವಾಸಿನಾ?

ಕಾಯಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನ ಬ್ಯಾಂಡ್ ಮೆಟಾಲಿಕಾ, ಅಮೆರಿಕದ ಮೆಟಲ್ ಬ್ಯಾಂಡ್. ಅವರು ಬೆಂಗಳೂರಿಗೆ ಬಂದಿದ್ದು 2011ರ ಅಕ್ಟೋಬರ್ 30ಕ್ಕೆ, ಅರಮನೆ ಮೈದಾನಕ್ಕೆ. ಎರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು, ಅಲ್ಲಿ ಸಿಟ್ಟಿಗೆದ್ದ ಜನ ವೇದಿಕೆಯನ್ನೇ ಮುರಿದಿದ್ದರು, ಇಲ್ಲೂ ಕೈ ಕೊಡ್ತಾರೇನೋ ಅಂತ ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆವು. ಕೈ ಕೊಡಲಿಲ್ಲ. ಬಂದರು, ಬಾರಿಸಿದರು, ಹೋದರು. ಆಮೇಲೆ 2024 ಬಂದರೂ ಈ ಕಡೆ ತಲೆ ಹಾಕಿರಲಿಲ್ಲ. ಅಷ್ಟರಲ್ಲಿ ನನ್ನ ಜೊತೆ ಅವತ್ತು ಕುಣಿದವರಲ್ಲಿ ಅರ್ಧ ಜನರಿಗೆ ಸೊಂಟ ನೋವು ಶುರುವಾಗಿತ್ತು. ಬ್ಯಾಂಡ್‌ನವರಿಗೂ ಅರವತ್ತು ದಾಟಿತ್ತು ಅಥವಾ ಅರವತ್ತರ ಹತ್ತಿರ. ಇನ್ನೆಷ್ಟು ವರ್ಷ ಅವರು ಆಡುತ್ತಾರೆ, ಇನ್ನೆಷ್ಟು ವರ್ಷ ನಾವು ನಿಲ್ಲುತ್ತೇವೆ, ಅಲ್ವಾ?

ಹಾಗಾಗಿ 2024ರಲ್ಲಿ ಜರ್ಮನಿಯಲ್ಲಿರುವ ಅಕ್ಕನ ಮನೆಗೆ ಹೋಗುವುದು ಅಂತ ನಿಕ್ಕಿ ಆದಾಗ ನಾನು ಮೊದಲು ನೋಡಿದ್ದು ವಿಮಾನದ ರೇಟ್ ಅಲ್ಲ, ಮೆಟಾಲಿಕಾದ ಎಂ72 ಟೂರ್‌ನ ಪಟ್ಟಿ. ಮೇ 24 ಮತ್ತು 26, ಮ್ಯೂನಿಕ್, ಒಲಿಂಪಿಯಾ ಸ್ಟೇಡಿಯಂ. ಉಳಿದ ಪ್ರವಾಸವನ್ನೆಲ್ಲ ಆ ದಿನದ ಸುತ್ತ ಕಟ್ಟಿದೆ. ಅಕ್ಕನಿಗೆ ಮಾತ್ರ "ನಿನ್ನ ನೋಡೋಕೇ ಬರ್ತಿದೀನಿ" ಅಂದಿದ್ದೆ.

ಇಲ್ಲಿ ಒಂದು ವಿಷಯ ಗಮನಿಸಿ, ನಿಮಗೂ ಇದೇ ತಲೆನೋವು ಬರುತ್ತದೆ. ಈ ಟೂರ್ ಘೋಷಣೆಯಾಗಿದ್ದು 2022ರ ನವೆಂಬರ್ ಕೊನೆಗೆ. 2023ರದ್ದು, 2024ರದ್ದು ಎರಡೂ ವರ್ಷದ ಟಿಕೆಟ್ ಒಟ್ಟಿಗೆ ಮಾರಾಟಕ್ಕೆ ಬಿಟ್ಟರು. ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಷೆಂಗೆನ್ ವೀಸಾಕ್ಕೆ ನೀವು ಅರ್ಜಿ ಹಾಕಬಹುದಾದ್ದು ಪ್ರಯಾಣಕ್ಕೆ ಆರು ತಿಂಗಳು ಇರುವಾಗ ಮಾತ್ರ, ಅದಕ್ಕಿಂತ ಮೊದಲು ತೆಗೆದುಕೊಳ್ಳುವುದಿಲ್ಲ. ಅಂದರೆ ಒಳ್ಳೆಯ ಸೀಟು ಬೇಕು ಅಂದರೆ ವೀಸಾ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಟಿಕೆಟ್ ತೆಗೆಯಬೇಕು. ವೀಸಾ ಕೈಗೆ ಬಂದ ಮೇಲೆ ತೆಗೆಯುತ್ತೇನೆ ಅಂದರೆ ಉಳಿದಿದ್ದು, ಬಿಟ್ಟಿದ್ದು. ನಾನು ಟಿಕೆಟನ್ನೇ ಮೊದಲು ತೆಗೆದೆ. ವೀಸಾ ಸಿಗದಿದ್ದರೆ ಭಾವ ಹೋಗಲಿ ಅಂತ. ಭಾವನಿಗೆ ಆ ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದರೆ ನನ್ನ ವೀಸಾಕ್ಕೆ ಹರಕೆ ಹೊತ್ತಿರುತ್ತಿದ್ದ. ಅವನು ಪಿ.ಬಿ. ಶ್ರೀನಿವಾಸ್ ಅಭಿಮಾನಿ.

ಬೇರೆಯವರಿಂದ ಟಿಕೆಟ್ ಕೊಳ್ಳುವುದಾದರೆ ಮೂಲ ಮಾರಾಟಗಾರರೇ ನಡೆಸುವ ಮರುಮಾರಾಟದ ಜಾಗದಲ್ಲಿ ಮಾತ್ರ ಕೊಳ್ಳಿ. ಸ್ಟೇಡಿಯಂ ಹೊರಗೆ ಕಾಗದ ಹಿಡಿದು ನಿಂತವರ ಹತ್ತಿರ ಬೇಡ. ಅಷ್ಟೇ.

ಇನ್ನೊಂದು, ಈ ಟೂರ್‌ನಲ್ಲಿ 2024ರಲ್ಲಿ ಹೆಚ್ಚಾಗಿ ಒಂದೂರಲ್ಲಿ ಎರಡು ರಾತ್ರಿ ಶೋ ಇತ್ತು, ಮಧ್ಯೆ ಒಂದು ದಿನ ಬಿಡುವು. ಮೊದಲ ರಾತ್ರಿಯ ಒಂದು ಹಾಡೂ ಎರಡನೇ ರಾತ್ರಿ ಬರುತ್ತಿರಲಿಲ್ಲ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನನ್ನ ಹಾಗೆ ಒಂದೇ ರಾತ್ರಿ ಹೋಗುವವರಿಗೆ ಅರ್ಧ ಊಟ. ಶುಕ್ರವಾರ ಹೋದರೆ 'ಮಾಸ್ಟರ್ ಆಫ್ ಪಪೆಟ್ಸ್' ಸಿಗುತ್ತಿತ್ತು, 'ಒನ್' ಮತ್ತು 'ಎಂಟರ್ ಸ್ಯಾಂಡ್‌ಮನ್' ಭಾನುವಾರದವರ ಪಾಲು. ಅದು ಹೇಗೆ ಮೊದಲೇ ಗೊತ್ತು ಅಂದರೆ, ಹಿಂದಿನ ಊರುಗಳಲ್ಲಿ ಏನೇನು ನುಡಿಸಿದರು ಅನ್ನುವುದನ್ನು ಅಭಿಮಾನಿಗಳು ಸೆಟ್‌ಲಿಸ್ಟ್ ತಾಣಗಳಲ್ಲಿ ಅವತ್ತೇ ಹಾಕಿರುತ್ತಾರೆ. ನಾನು ಲೆಕ್ಕ ಹಾಕಿಯೇ ಶುಕ್ರವಾರ ಆರಿಸಿದೆ, ಅವೆರಡನ್ನೂ ಅರಮನೆ ಮೈದಾನದಲ್ಲಿ ಕೇಳಿದ್ದಾಗಿತ್ತು. ನಿಮ್ಮ ಬ್ಯಾಂಡ್ ಯಾವುದೋ ಗೊತ್ತಿಲ್ಲ, ಆದರೆ ಈ ಕೆಲಸ ಮಾಡಿ. ಯಾವ ಹಾಡಿಗಾಗಿ ಹೋಗುತ್ತಿದ್ದೀರೋ ಅದನ್ನೇ ಅವರು ಈಗ ನುಡಿಸುತ್ತಿಲ್ಲ ಅಂದರೆ ಏನು ಪ್ರಯೋಜನ?

ಸರಿ, ಶೋ ವಿಷಯಕ್ಕೆ ಬರೋಣ. ಊರೊಳಗಿಂದ ಯು3 ಮೆಟ್ರೋ ಹತ್ತಿ ಒಲಿಂಪಿಯಾತ್ಸೆಂಟ್ರುಮ್ ನಿಲ್ದಾಣದಲ್ಲಿ ಇಳಿದರೆ ಕಪ್ಪು ಟೀ ಶರ್ಟಿನ ಹೊಳೆ. ದಾರಿ ಕೇಳುವ ಅಗತ್ಯವೇ ಇಲ್ಲ, ಹೊಳೆಯ ಜೊತೆ ನಡೆದರೆ ಸಾಕು. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂ ಅದು. ಒಂದು ಕಡೆಗೆ ಮಾತ್ರ ಗಾಜಿನಂಥ ಪಾರದರ್ಶಕ ಮಾಡು, ಡೇರೆ ಎಳೆದು ಕಟ್ಟಿದ ಹಾಗೆ ಕಂಬಗಳಿಂದ ಜೋತುಬಿದ್ದಿದೆ. ಉಳಿದಿದ್ದೆಲ್ಲ ಬಯಲು. ಒಳಗೆ ಬಿಡುವಾಗ ಬ್ಯಾಗ್ ಎ4 ಕಾಗದಕ್ಕಿಂತ ದೊಡ್ಡದಿರಬಾರದು, ಜರ್ಮನಿಯ ದೊಡ್ಡ ಶೋಗಳಲ್ಲಿ ಇದು ಮಾಮೂಲಿ ನಿಯಮ. ಬೆನ್ನಿಗೆ ಬ್ಯಾಕ್‌ಪ್ಯಾಕ್ ಹಾಕಿಕೊಂಡು ವಿಮಾನ ನಿಲ್ದಾಣದಿಂದ ನೇರ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಬಿಯರ್ ಪ್ಲಾಸ್ಟಿಕ್ ಲೋಟಕ್ಕೆ ಠೇವಣಿ ದುಡ್ಡು ಸೇರಿಸಿ ತೆಗೆದುಕೊಳ್ಳುತ್ತಾರೆ, ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಇದರಿಂದ ಒಂದು ತಮಾಷೆ ನೋಡಿದೆ. ನನ್ನ ಮುಂದಿನ ಸಾಲಿನಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗ, ಕಿವಿಗೆ ದಪ್ಪ ಹೆಡ್‌ಫೋನ್ ತರಹದ ರಕ್ಷಣೆ ಹಾಕಿಕೊಂಡು ಅಪ್ಪನ ಜೊತೆ ಬಂದಿದ್ದ. ಬ್ಯಾಂಡ್ ಬರುವ ಮೊದಲು ಸುಮ್ನೆ ಓಡಾಡಿ ಜನ ಬಿಟ್ಟ ಲೋಟಗಳನ್ನು ಒಂದರೊಳಗೊಂದು ಸೇರಿಸಿ, ತನ್ನ ಎದೆ ಮಟ್ಟದ ಗೋಪುರ ಮಾಡಿ, ಕೌಂಟರಿಗೆ ಕೊಟ್ಟು, ದುಡ್ಡು ಎಣಿಸಿಕೊಂಡು ಬಂದ. ಅಪ್ಪನಿಗೆ ಅದರಲ್ಲೇ ಇನ್ನೊಂದು ಬಿಯರ್ ತಂದ. ಆ ಮನುಷ್ಯನ ಡೆನಿಮ್ ಕೋಟಿನ ತುಂಬ ಹಳೆಯ ಟೂರ್‌ಗಳ ಬಟ್ಟೆ ತುಂಡುಗಳು, ಕೆಲವು ಬಣ್ಣ ಹೋಗಿ ಅಕ್ಷರವೇ ಕಾಣುತ್ತಿರಲಿಲ್ಲ. ಎಲ್ಲ ಕೈಯಲ್ಲೇ ಹೊಲಿದದ್ದು, ಹೊಲಿಗೆ ವಕ್ರವಕ್ರ.

ಮೊದಲು ಮ್ಯಾಮತ್ ಡಬ್ಲ್ಯೂವಿಹೆಚ್ ಬಂತು, ಹೆಸರಾಂತ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮಗನ ಬ್ಯಾಂಡ್. ಆಮೇಲೆ ಆರ್ಕಿಟೆಕ್ಟ್ಸ್. ಚೆನ್ನಾಗಿದ್ದವು, ಆದರೆ ಅಂಥ ದೊಡ್ಡ ಜಾಗದಲ್ಲಿ ಮೊದಲು ಬರುವವರಿಗೆ ಯಾರೂ ಪೂರ್ತಿ ಗಮನ ಕೊಡುವುದಿಲ್ಲ.

ಈ ಟೂರ್‌ನ ವೇದಿಕೆ ಮೈದಾನದ ಒಂದು ತುದಿಗೆ ಇರುವುದಿಲ್ಲ, ನಟ್ಟ ನಡುವೆ ಉದ್ದಿನವಡೆ ಆಕಾರದಲ್ಲಿ ಇರುತ್ತದೆ. ವಡೆಯ ತೂತಿನೊಳಗೂ ಜನ ನಿಂತಿರುತ್ತಾರೆ, ಅದಕ್ಕೆ ಸ್ನೇಕ್ ಪಿಟ್ ಅಂತ ಹೆಸರು. ಸುತ್ತ ಎಂಟು ಎತ್ತರದ ಗೋಪುರಗಳು, ಅದರಲ್ಲೇ ಸ್ಪೀಕರ್, ಅದರಲ್ಲೇ ದುಂಡಗಿನ ಸ್ಕ್ರೀನ್. ಮೊದಲು ಎಸಿ/ಡಿಸಿ ಅನ್ನುವ ಇನ್ನೊಂದು ಬ್ಯಾಂಡ್‌ನ ಹಾಡು ಜೋರಾಗಿ ಹಾಕುತ್ತಾರೆ, ಅದು ಬಂತು ಅಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಆಮೇಲೆ ಇಟಲಿಯ ಸಿನಿಮಾ ಸಂಗೀತ ನಿರ್ದೇಶಕ ಎನ್ಯೋ ಮೋರಿಕೋನೆಯ 'ದಿ ಎಕ್ಸ್ಟಸಿ ಆಫ್ ಗೋಲ್ಡ್', ದಶಕಗಳಿಂದ ಇವರು ವೇದಿಕೆಗೆ ಬರುವುದೇ ಅದರ ಜೊತೆ. ಅರಮನೆ ಮೈದಾನದಲ್ಲಿ ಅದು ಕೇಳಿಸಿದಾಗ ಅತ್ತಿದ್ದೆ. ಮ್ಯೂನಿಕ್‌ನಲ್ಲಿ ಅಳು ಬರಲಿಲ್ಲ, ರೋಮಾಂಚನ ಆಯಿತು, ಮೇ ತಿಂಗಳ ಸಂಜೆ ಇನ್ನೂ ಬೆಳಕಿತ್ತು. ಕತ್ತಲಾಗದೆ ಮೆಟಲ್ ಶೋ ಶುರುವಾಗುವುದು ಒಂಥರಾ ಮದುವೆ ಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಊಟಕ್ಕೆ ಕರೆದ ಹಾಗೆ.

ಡ್ರಮ್ ವಿಷಯ ಹೇಳಲೇಬೇಕು. ಬ್ಯಾಂಡ್‌ನ ಡ್ರಮ್ಮರ್ ಲಾರ್ಸ್ ಉಲ್ರಿಕ್‌ಗೆ ಆ ವರ್ತುಲದಲ್ಲಿ ನಾಲ್ಕು ಕಡೆ ನಾಲ್ಕು ಡ್ರಮ್ ಸೆಟ್. ಕೆಲವು ಹಾಡಾದ ಮೇಲೆ ದೀಪ ಆರುತ್ತದೆ, ಇದ್ದ ಸೆಟ್ ವೇದಿಕೆಯ ಒಳಗೆ ಇಳಿದುಹೋಗುತ್ತದೆ, ಇನ್ನೊಂದು ಕಡೆ ಮತ್ತೊಂದು ಮೇಲೆ ಬರುತ್ತದೆ, ಮನುಷ್ಯ ಓಡಿ ಹೋಗಿ ಅಲ್ಲಿ ಕೂರುತ್ತಾನೆ. ನಮ್ಮ ಕಡೆಯ ಸೆಟ್ ಮೇಲೆ ಬಂದಾಗ ನಮ್ಮ ಇಡೀ ಬ್ಲಾಕ್ ಸಂಬಳ ಜಾಸ್ತಿ ಆದವರಂತೆ ಕೂಗಿತು. ಇದರ ಇನ್ನೊಂದು ಮುಖವೂ ಇದೆ. ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಆಚೆ ಮೈಕಿಗೆ ಹೋದರೆ ನಿಮಗೆ ಕಾಣುವುದು ಬೆನ್ನು, ಅದೂ ಬೆರಳಿನಷ್ಟು. ಬಹಳ ಹೊತ್ತು ನೀವು ನೋಡುವುದು ಸ್ಕ್ರೀನ್ ಅನ್ನೇ. ಕೆಳಗೆ ನಿಂತವರಿಗೆ ಒಬ್ಬ ತೀರಾ ಹತ್ತಿರ, ಮೂವರು ಎಲ್ಲೋ. ಮೇಲೆ ಕೂತವರಿಗೆ ಯಾರೂ ಹತ್ತಿರ ಇಲ್ಲ, ಆದರೆ ಇಡೀ ಆಟ ಕಾಣುತ್ತದೆ. ನಲವತ್ತು ದಾಟಿದ್ದರೆ ಸೀಟೇ ತೆಗೆದುಕೊಳ್ಳಿ ಅನ್ನುತ್ತೇನೆ, ಬೈದುಕೊಂಡರೂ ಪರವಾಗಿಲ್ಲ.

'ಸೀಕ್ ಅಂಡ್ ಡಿಸ್ಟ್ರಾಯ್' ಹಾಡಿಗೆ ಹಳದಿ ಕಪ್ಪು ಬಣ್ಣದ ದೊಡ್ಡ ದೊಡ್ಡ ಗಾಳಿ ಚೆಂಡುಗಳು ಜನರ ಮೇಲೆ ಬೀಳುತ್ತವೆ. ಬಡ್ಡಿಮಗ ಪ್ರಪಂಚವನ್ನೇ ಸುಟ್ಟುಬಿಡುತ್ತೇನೆ ಅನ್ನುವಂಥ ಹಾಡಿಗೆ ಐವತ್ತು ವರ್ಷದ ಗಡ್ಡದವರು ಚೆಂಡಾಟ ಆಡುತ್ತಿದ್ದರು. ನನಗೆ ಇಷ್ಟವಾಯಿತು. ಕೆಲವು ಹಳೆಯ ಅಭಿಮಾನಿಗಳಿಗೆ ಇದು ಸರ್ಕಸ್ ಅನ್ನಿಸುತ್ತದೆ, ಅವರ ಮಾತನ್ನೂ ತೆಗೆದುಹಾಕುವಂತಿಲ್ಲ.

ಈಗ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ. ಶೋ ಅಂತ ನೋಡಿದರೆ ಮ್ಯೂನಿಕ್ ಮುಂದೆ ಅರಮನೆ ಮೈದಾನ ಏನೂ ಅಲ್ಲ. ಅಲ್ಲಿ ಶೌಚಾಲಯ ಇದೆ, ನೀರಿದೆ, ಹೇಳಿದ ಹೊತ್ತಿಗೆ ಶುರು, ರಾತ್ರಿ ಹನ್ನೊಂದರೊಳಗೆ ಮುಗಿಯಿತು, ಮೆಟ್ರೋ ಓಡುತ್ತಿತ್ತು. ಆದರೆ ಜನ? ಬೆಂಗಳೂರಿನ ಜನವೇ ಜನ. ಜರ್ಮನ್ನರು ಹಾಡುತ್ತಾರೆ, 'ಮಾಸ್ಟರ್ ಆಫ್ ಪಪೆಟ್ಸ್' ನಡುವಿನ ಗಿಟಾರ್ ರಾಗವನ್ನು ಶ್ರುತಿ ತಪ್ಪದೆ ಹಾಡಿದರು, ಹಾಡು ಮುಗಿದಾಗ ಚಪ್ಪಾಳೆ ತಟ್ಟಿ ಬಿಯರ್ ಕುಡಿದರು. ಅವರಿಗೆ ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಈ ಬ್ಯಾಂಡ್ ರೈಲು ದೂರದಲ್ಲಿ ಮತ್ತೆ ಸಿಗುತ್ತದೆ. ನಮಗೆ 2011ರಲ್ಲಿ ಅದು ಇದೇ ಮೊದಲು, ಬಹುಶಃ ಇದೇ ಕೊನೆ ಅನ್ನಿಸಿತ್ತು. ಕ್ಯಾಸೆಟ್ ಕಾಪಿ ಮಾಡಿಕೊಂಡು, ಕಾಲೇಜ್ ಫೆಸ್ಟ್‌ನಲ್ಲಿ ಬೇರೆಯವರ ಬಾಯಲ್ಲಿ ಈ ಹಾಡು ಕೇಳಿಕೊಂಡು ಬೆಳೆದವರು ನಾವು. ನಮ್ಮೂರಿನದೇ ಬ್ಯಾಂಡ್ ಇನ್ನರ್ ಸ್ಯಾಂಕ್ಟಮ್ ಅವತ್ತು ಅದೇ ವೇದಿಕೆ ಹತ್ತಿದಾಗ, ನಮ್ಮ ಕ್ಲಾಸಿನ ಹುಡುಗ ಎಸ್ಸೆಸ್ಸೆಲ್ಸಿಗೆ ರ್‍ಯಾಂಕ್ ಬಂದಷ್ಟು ಕೂಗಿದ್ದೆವು. ಆ ಹಸಿವು ಮ್ಯೂನಿಕ್‌ನಲ್ಲಿ ಇರಲಿಲ್ಲ. ಆದ್ದರಿಂದ ಒಳ್ಳೆಯ ಶಬ್ದ, ಒಳ್ಳೆಯ ಆಟ, ಬೈಗುಳವಿಲ್ಲದ ಸಂಜೆ ಬೇಕಾದರೆ ಹೊರಗೆ ನೋಡಿ. ಅಪರಿಚಿತ ಹೆಗಲ ಮೇಲೆ ಕೈ ಹಾಕಿ ಕಿರುಚಬೇಕು ಅನ್ನಿಸಿದರೆ ಅದು ಇಲ್ಲೇ ಜಾಸ್ತಿ ಸಿಗುತ್ತದೆ. ಒಂದು ಇನ್ನೊಂದಕ್ಕೆ ಬದಲಿ ಅಲ್ಲ. ಇಲ್ಲಿಗೆ ಬಂದರೆ ಇಲ್ಲೂ ಹೋಗಿ.

ದುಡ್ಡಿನ ಬಗ್ಗೆ ಕೇಳಿದ್ದಿರಿ. ನನ್ನ ಭಾವ ಒಂದು ಪೈಸೆ ಕೊಡದೆ ಅದೇ ಶೋ ಕೇಳಿದ. ಸ್ಟೇಡಿಯಂ ಪಕ್ಕ ಒಲಿಂಪಿಯಾಬೆರ್ಗ್ ಅಂತ ಗುಡ್ಡ ಇದೆ, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಉರುಳಿದ ಕಟ್ಟಡಗಳ ಅವಶೇಷ ಸುರಿದು ಆದದ್ದು. ಈಗ ಹುಲ್ಲು ಬೆಳೆದು ಹಸಿರಾಗಿದೆ. ದೊಡ್ಡ ಶೋ ಇದ್ದರೆ ಜನ ಅಲ್ಲಿ ಚಾಪೆ ಹಾಸಿ ಕೂರುತ್ತಾರೆ. ಅದೇ ವರ್ಷದ ಜುಲೈನಲ್ಲಿ ಟೇಲರ್ ಸ್ವಿಫ್ಟ್ ಬಂದಾಗ ಹತ್ತಾರು ಸಾವಿರ ಜನ ಆ ಗುಡ್ಡದಲ್ಲೇ ಕೂತು ಕೇಳಿದರು. ಭಾವ, ಅಕ್ಕ, ಮಕ್ಕಳು ಚಪಾತಿ ರೋಲ್ ಕಟ್ಟಿಕೊಂಡು ಹೋಗಿ ಅಲ್ಲೇ ಕೂತಿದ್ದರು. ಗೋಪುರದ ಸ್ಕ್ರೀನ್ ಚೂರು ಚೂರು ಕಾಣುತ್ತಿತ್ತಂತೆ. ಏಟು ಬಿದ್ದದ್ದು ಕಂಡು ಸೆಕೆಂಡಿನಷ್ಟು ತಡವಾಗಿ ಸದ್ದು ಬರುತ್ತಿತ್ತಂತೆ. "ನೀನು ಅಷ್ಟು ದುಡ್ಡು ಕೊಟ್ಟು ಬೆನ್ನು ನೋಡಿದೆ, ನಾನು ಬಿಟ್ಟಿ ಕೂತು ಸೂರ್ಯಾಸ್ತ ನೋಡಿದೆ" ಅಂತ ಇವತ್ತಿಗೂ ಹಂಗಿಸುತ್ತಾನೆ. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಮಾತ್ರ ಚೆನ್ನಾಗಿತ್ತು ಅಂತ ಒಪ್ಪಿಕೊಂಡಿದ್ದಾನೆ, ಅದರಲ್ಲಿ ರಾಗ ಇದೆಯಂತೆ.

ಹಾಗಾಗಿ ನೀವು ಹೋಗುವ ಊರಿನಲ್ಲಿ ಅಂಥ ಗುಡ್ಡವೋ ಪಾರ್ಕೋ ಇದೆಯಾ ವಿಚಾರಿಸಿ. ಜೊತೆಗೆ ಬರುವವರಿಗೆ ಆ ಸಂಗೀತ ಹಿಡಿಸದಿದ್ದರೆ ಅವರಿಗೆ ಟಿಕೆಟ್ ತೆಗೆಯಬೇಡಿ, ಗುಡ್ಡಕ್ಕೆ ಕಳಿಸಿ. ನೀವು ಮಾತ್ರ ಒಳಗೆ ಹೋಗಿ. ಒಬ್ಬರೇ ಹೋಗುವುದಕ್ಕೆ ಸಂಕೋಚ ಪಡಬೇಡಿ, ಅಲ್ಲಿ ಯಾರೂ ನಿಮ್ಮನ್ನು ನೋಡುವುದಿಲ್ಲ. ಕಿವಿಗೆ ಹತ್ತಿ ಬೇಡ, ಸರಿಯಾದ ಇಯರ್‌ಪ್ಲಗ್ ಇಲ್ಲಿಂದಲೇ ಒಯ್ಯಿರಿ. ಟೀ ಶರ್ಟ್ ಬೇಕಿದ್ದರೆ ಶೋಗೆ ಮೊದಲೇ ಕ್ಯೂನಲ್ಲಿ ನಿಲ್ಲಿ, ಮುಗಿದ ಮೇಲೆ ಹೋದರೆ ಉಳಿದಿರುವುದು ತ್ರಿಬಲ್ ಎಕ್ಸೆಲ್ ಮಾತ್ರ.