ಡೂಮ್ಡ್ ಅಂದುಕೊಂಡ ಹುಡುಗ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಬೇಸಾಯ. ಐದು ಸಬ್ಜೆಕ್ಟ್ ಬಾಕಿ ಉಳಿದು, ಹದಿನೈದು ದಿನದಿಂದ ಕ್ಲಾಸಿಗೂ ಹೋಗದೆ ಹಾಸ್ಟೆಲ್ ಕೋಣೆಯಲ್ಲೇ ಮಲಗಿದ್ದ. ಗೆಳೆಯ ಸಲಹೆಗೆಂದು ನನ್ನ ಹತ್ತಿರ ಕರೆತಂದ. ಕೂತವನು ಹೇಳಿದ್ದು ಒಂದೇ ಮಾತು: “ಐ ಆಮ್ ಡೂಮ್ಡ್, ಮೇಡಂ.”

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಎಷ್ಟೋ ಮೇಷ್ಟ್ರುಗಳು ಹೆದರುತ್ತಾರೆ. ಹಾಗಾಗುವುದಿಲ್ಲ, ದಯವಿಟ್ಟು ಕೇಳಿ. “ಇಲ್ಲ ಮೇಡಂ, ಏಳೋಕೇ ಮನಸ್ಸಿಲ್ಲ” ಎಂದ. ಆದರೂ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ಅವನ ಫೋನಿಗೆ ಹಾಕಿಸಿದೆ. ಅಲ್ಲಿ ರಾತ್ರಿಯೂ ಮಾತಾಡಬಹುದು, ಕನ್ನಡದಲ್ಲೇ.

ಆಮೇಲೆ ಆ ಪದಕ್ಕೆ ಬಂದೆ. ಡೂಮ್ಡ್ ಅಂದರೇನು? “ಹಣೆಬರಹ ಕೆಟ್ಟೋನು.”

ನಾನು ಹೇಳಿದೆ: ಹಣೆಬರಹಕ್ಕೆ ಹತ್ತಿರದ ಇಂಗ್ಲಿಷ್ ಪದ ಫೇಟ್. ಅದರ ಲ್ಯಾಟಿನ್ ಮೂಲಕ್ಕೆ ‘ನುಡಿದದ್ದು’ ಎಂದರ್ಥ. ನಮ್ಮಲ್ಲಿ ಬ್ರಹ್ಮ ಬರೆದರೆ ಅವರಲ್ಲಿ ದೈವ ನುಡಿಯುತ್ತದೆ. ಡೆಸ್ಟಿನಿ ಒಳ್ಳೆಯದಕ್ಕೂ ಸಲ್ಲುತ್ತದೆ: 1947ರ ಆಗಸ್ಟ್ 14ರ ರಾತ್ರಿ ನೆಹರೂ ‘ಟ್ರಿಸ್ಟ್ ವಿತ್ ಡೆಸ್ಟಿನಿ’ (ವಿಧಿಯೊಡನೆ ಭೇಟಿ) ಅಂದರು, ಅಲ್ಲಿ ಡೂಮ್ ಕೂರುವುದಿಲ್ಲ. ಡೂಮ್ ಇವತ್ತು ಕೇಡಿಗೆ ಮಾತ್ರ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ತೀರ್ಪು’. 1086ರಲ್ಲಿ ಇಂಗ್ಲೆಂಡಿನ ಭೂಮಿ, ನೇಗಿಲುಗಳ ಲೆಕ್ಕ ಬರೆಸಿದ ದಫ್ತರಕ್ಕೆ ಜನ ಮುಂದೆ ಡೂಮ್ಸ್‌ಡೇ, ಅಂದರೆ ಕಡೆಯ ತೀರ್ಪಿನ ದಿನದ ಪುಸ್ತಕ ಎಂದೇ ಹೆಸರಿಟ್ಟರು. ಬರೆದದ್ದರ ಮೇಲೆ ಮೇಲ್ಮನವಿ ಇಲ್ಲವೆಂದು.

ಹುಡುಗ ತಲೆಯೆತ್ತಿದ. “ನಮ್ಮ ಪಹಣೀಲಿ ತಾತನ ಹೆಸರೇ ತಪ್ಪಾಗಿತ್ತು. ಅಪ್ಪ ತಾಲ್ಲೂಕು ಆಫೀಸಿಗೆ ಅಲೆದು ಅಲೆದು ತಿದ್ದಿಸ್ಕೊಂಡು ಬಂದ್ರು.”

“ಡೂಮ್ಡ್ ಅನ್ನೋದು ಕರ್ಮಣಿ ರೂಪ ಕಣಪ್ಪ. ತೀರ್ಪು ಕೊಟ್ಟೋರು ಅಂತ ಒಬ್ರು ಇರ್ಬೇಕಲ್ಲ, ಯಾರು?”

ತುಂಬ ಹೊತ್ತು ಸುಮ್ಮನಿದ್ದ. ಮೊದಲ ಸೆಮಿಸ್ಟರಿನಲ್ಲಿ ಉಪನ್ಯಾಸಕರೊಬ್ಬರು ಇಡೀ ಕ್ಲಾಸಿನೆದುರು, “ಈ ಇಂಗ್ಲಿಷ್ ಇಟ್ಕೊಂಡು ನೀನು ಪಾಸಾಗಲ್ಲ” ಅಂದಿದ್ದರಂತೆ. ಎರಡು ವರ್ಷದಿಂದ ಅದನ್ನೇ ಹೊತ್ತಿದ್ದ. ಇಂಥ ಮಾತಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಾನು ಕೊಟ್ಟ ಸಲಹೆ ಇಷ್ಟು: ಐದನ್ನೂ ಒಟ್ಟಿಗೆ ಹೊರಬೇಡ, ಈ ಸಲ ಎರಡಕ್ಕೆ ಕೂತರೆ ಸಾಕು. ಪಾಠ ಮೊದಲು ಕನ್ನಡದಲ್ಲಿ ತಲೆಗೆ ಹತ್ತಲಿ, ಉತ್ತರ ಆಮೇಲೆ ಇಂಗ್ಲಿಷಿನಲ್ಲಿ ಬರೆ. ಬೆಳಿಗ್ಗೆ ಗೆಳೆಯನ ಜೊತೆ ಮೆಸ್ಸಿಗೆ ಹೋಗು. ‘ಡೂಮ್ಡ್’ ಅನ್ನಿಸಿದಾಗ ಆ ಪದ ಬಿಟ್ಟು, ಆದದ್ದನ್ನು ಇದ್ದ ಹಾಗೆ ಬರೆದಿಡು: ಮ್ಯಾಥ್ಸಲ್ಲಿ 6 ಅಂಕ ಕಮ್ಮಿ. ಎರಡು ವಾರದಲ್ಲಿ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಮತ್ತೆ, ಮನೆಗೆ ನೀನೇ ಹೇಳು.

ಫೋನು ನನ್ನೆದುರಿಗೇ ಮಾಡಿದ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಫೀಜು ಕಟ್ಟೋಕೆ ಕಡೇ ದಿನ ಯಾವತ್ತು?”