‘ಪಗಾರ’ ಬಂದ ಮೇಲೆ ತಮ್ಮ ಮಂಕಾದ, ಪಿಂಚಣಿ ಬಿಡಿಸಲಾ?

ಪ್ರಶ್ನೆ: ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ತಮ್ಮನಿಗೆ 28 ವರ್ಷ. ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಮೂರು ವರ್ಷದ ಹಿಂದೆ ಲಾರಿ ಹಾಯ್ದು, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಶೇ 60 ಅಂಗವಿಕಲತೆ ಅಂತ ಸರ್ಟಿಫಿಕೇಟ್ ಇದೆ, ತಿಂಗಳಿಗೆ 800 ರೂಪಾಯಿ ಪಿಂಚಣಿ ಬರುತ್ತದೆ. ಅದು ಶುರುವಾದಾಗಿನಿಂದ ಏನೂ ಮಾಡುವುದಿಲ್ಲ. ಹತ್ತು ಗಂಟೆಗೆ ಏಳುತ್ತಾನೆ, ಮೊಬೈಲ್ ಹಿಡಿಯುತ್ತಾನೆ. ಕೃತಕ ಕಾಲು ಬಾಗಿಲ ಹಿಂದೆ ನಿಂತಿದೆ. ಗೆಳೆಯ ತನ್ನ ಮೊಬೈಲ್ ರಿಪೇರಿ ಅಂಗಡಿಗೆ ಕರೆದರೆ ‘ಕೆಲಸ ಮಾಡಿದರ ಪಗಾರ ಬಂದ್ ಆಗತೈತಿ’ ಅನ್ನುತ್ತಾನೆ. ‘ಸರಕಾರನ ಅವನ್ನ ಮೈಗಳ್ಳನ್ನ ಮಾಡೇತಿ’ ಅಂತ ಅಪ್ಪ ಬೈಯುತ್ತಾರೆ. ಪಿಂಚಣಿ ಬಿಡಿಸಿದರೆ ಸರಿಹೋಗುತ್ತಾನಾ?

ಉತ್ತರ: ಬಿಡಿಸಬೇಡಿ.

800 ರೂಪಾಯಿ ಅಂದರೆ ದಿನಕ್ಕೆ 27 ರೂಪಾಯಿಯೂ ಬೀಳುವುದಿಲ್ಲ. ಬೆನ್ನ ಮೇಲೆ ಚೀಲ ಹೊತ್ತು ದುಡಿದ ಹುಡುಗ ಅಷ್ಟು ರೊಕ್ಕದ ಆಸೆಗೆ ಹಾಸಿಗೆ ಹಿಡಿದ ಅಂದರೆ ನಾನಂತೂ ನಂಬುವುದಿಲ್ಲ. ಆದರೆ ಆ ರೊಕ್ಕ ಹೋಗಿಬಿಡುತ್ತದೆ ಅನ್ನುವ ಅಂಜಿಕೆ ಮನುಷ್ಯನನ್ನು ಕಟ್ಟಿಹಾಕುತ್ತದೆ. ಅದನ್ನು ದಿನಾ ನೋಡುತ್ತೇನೆ.

ಒಬ್ಬ ಹುಡುಗ ನನ್ನ ಮುಂದೆ ಕುಳಿತು ಹೇಳಿದ್ದ. ಸರ್ಟಿಫಿಕೇಟ್ ಮಾಡಿಸುವ ಹಿಂದಿನ ರಾತ್ರಿ, ಮನೆಯ ಪಡಸಾಲೆಯಲ್ಲಿ, ಅವರ ಕಾಕಾ ಅವನಿಗೆ ಜಾಸ್ತಿ ಕುಂಟುವುದನ್ನು ಕಲಿಸಿದರಂತೆ. ‘ಹಂಗಲ್ಲೋ, ಗೋಡಿ ಹಿಡಕೊಂಡು ನಡಿ.’ ಮರುದಿನ ಡಾಕ್ಟರು ಅವನ ನಡಿಗೆಯನ್ನು ಸರಿಯಾಗಿ ನೋಡಲೂ ಇಲ್ಲ, ಕೀಲು ಅಳೆದು ಬರೆದುಕೊಟ್ಟರು. ಆದರೆ ಅವತ್ತಿನಿಂದ ಓಣಿಯಲ್ಲಿ ನೆಟ್ಟಗೆ ನಡೆಯಲು ಅವನಿಗೆ ಭಯ. ಯಾರಾದರೂ ನೋಡಿ ಹೇಳಿಬಿಟ್ಟರೆ? ‘ನನ್ನಿಂದ ಆಗಲ್ಲ’ ಅಂತ ಊರಿಗೆಲ್ಲ ತೋರಿಸುತ್ತಾ ಹೋದರೆ, ಸ್ವಲ್ಪ ದಿನಕ್ಕೆ ಅದು ಒಳಗೂ ಇಳಿಯುತ್ತದೆ ಅಲ್ವಾ?

ಹಾಗಾಗಿ ಮೊದಲು ನಿಯಮ ತಿಳಿದುಕೊಳ್ಳಿ. ನಮ್ಮಲ್ಲಿ ಈ ಪಿಂಚಣಿಗೆ ಮುಖ್ಯವಾಗಿ ನೋಡುವುದು ಎರಡು: ಅಂಗವಿಕಲತೆ ಶೇ 40 ಅಥವಾ ಜಾಸ್ತಿ ಇರಬೇಕು, ಕುಟುಂಬದ ವರ್ಷದ ಆದಾಯ 32,000 ರೂಪಾಯಿ ಒಳಗಿರಬೇಕು. ಅಮೆರಿಕದ ಅಂಗವಿಕಲತೆ ವಿಮೆ ನಿಂತಿರುವುದೇ ‘ದುಡಿಯಲು ಆಗುವುದಿಲ್ಲ’ ಅನ್ನುವುದರ ಮೇಲೆ. ಅದಕ್ಕೇ ಅಲ್ಲಿ ಕೆಲಸ ಮಾಡಿ ನೋಡಲು 9 ತಿಂಗಳ ಅವಕಾಶ ಇಟ್ಟಿದ್ದಾರೆ, ಆ ತಿಂಗಳುಗಳಲ್ಲಿ ಹಣ ನಿಲ್ಲುವುದಿಲ್ಲ. ನಮ್ಮದು ಕಾಲಿನ ಲೆಕ್ಕ. ಅಂಗಡಿಯಲ್ಲಿ ಕುಳಿತು ಸೋಲ್ಡರಿಂಗ್ ಮಾಡಿದರೆ ಶೇ 60 ಕಡಿಮೆಯಾಗುವುದಿಲ್ಲ.

ಆದಾಯದ ಮಿತಿ ಮಾತ್ರ ನಿಜವಾದ ತೊಡಕು. 32,000 ಬಹಳ ಸಣ್ಣ ಮೊತ್ತ. ಅಂಗಡಿ ಕೈಹಿಡಿದು ಮನೆಯ ಆದಾಯ ಆ ಗೆರೆ ದಾಟಿದರೆ ಪಿಂಚಣಿ ನಿಲ್ಲಬಹುದು. ಇದನ್ನು ಅವನಿಂದ ಮುಚ್ಚಿಡಬೇಡಿ. ಒಂದು ಹಾಳೆ ತೆಗೆದುಕೊಂಡು ಅವನ ಕೈಯಲ್ಲೇ ಲೆಕ್ಕ ಮಾಡಿಸಿ. ಪಿಂಚಣಿ ವರ್ಷಕ್ಕೆ 9,600. ಕೆಲಸ ಕಲಿತ ಮೇಲೆ ಅಂಗಡಿಯಲ್ಲಿ ಎಷ್ಟು ಸಿಗಬಹುದು ಅಂತ ಗೆಳೆಯನನ್ನು ಕೇಳಿ ಪಕ್ಕಕ್ಕೆ ಬರೆಯಲಿ. ಅವನ ಅಂಜಿಕೆ ದಡ್ಡತನವಲ್ಲ. 800 ಖಾತ್ರಿ, ಅಂಗಡಿ ಖಾತ್ರಿಯಲ್ಲ. ನಾಡಕಚೇರಿಗೆ ಹೋಗಿ ಕೇಳುವ ಕೆಲಸವನ್ನೂ ಅವನಿಗೇ ಬಿಡಿ. ದಾರಿ ತೋರಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ಈಗ ಬಾಗಿಲ ಹಿಂದಿನ ಕಾಲಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಕಾಲು ತೆಗೆದ ಮೇಲೆ ಉಳಿದ ಮೊಂಡು ಭಾಗ ತಿಂಗಳು ಕಳೆದಂತೆ ಸೊರಗುತ್ತದೆ. ಮೊದಲು ಸರಿಯಾಗಿ ಕೂತಿದ್ದ ಕೃತಕ ಕಾಲು ಸಡಿಲವಾಗುತ್ತದೆ, ಉಜ್ಜುತ್ತದೆ, ಗಾಯವಾಗುತ್ತದೆ. ಗಂಡುಹುಡುಗರು ಇದನ್ನು ಹೇಳುವುದಿಲ್ಲ, ಸುಮ್ನೆ ತೆಗೆದಿಡುತ್ತಾರೆ. ಇನ್ನೊಂದು, ಇಲ್ಲದ ಪಾದ ರಾತ್ರಿ ಉರಿಯುವುದು, ನೋಯುವುದು ಉಂಟು. ಅದು ಭ್ರಮೆಯಲ್ಲ, ನಿಜವಾದ ನೋವು, ಅದಕ್ಕೆ ಔಷಧಿಯಿದೆ. ಹತ್ತು ಗಂಟೆಗೆ ಏಳುವವನು ನಾಲ್ಕು ಗಂಟೆಯವರೆಗೆ ಎದ್ದೇ ಇದ್ದನೋ ಏನೋ, ಕೇಳಿದ್ದೀರಾ? ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ಗೆ ಒಮ್ಮೆ ಕರೆದುಕೊಂಡು ಹೋಗಿ, ಅಳತೆ ನೋಡಿಸಿ.

ದಿನ ಖಾಲಿಯಾದರೆ ಮನುಷ್ಯನಿಗೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರಿಯಾದ ಮಾರಿಯೆಂಥಾಲ್ ಅನ್ನುವ ಊರಿನ ಕಥೆ ನನಗೆ ಆಗಾಗ ನೆನಪಾಗುತ್ತದೆ. 1930ರ ಸುಮಾರಿಗೆ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿತು. ಜನರಿಗೆ ಪರಿಹಾರದ ಹಣ ಬರುತ್ತಿತ್ತು, ಸಮಯವಂತೂ ಬೇಕಾದಷ್ಟು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಅಧ್ಯಯನಕ್ಕೆ ಬಂದವರು ಗಡಿಯಾರ ಹಿಡಿದು ನೋಡಿದರೆ ಗಂಡಸರು ಬೀದಿಯಲ್ಲಿ ನಿಧಾನ ನಡೆಯುತ್ತಿದ್ದರು, ಮೇಲಿಂದ ಮೇಲೆ ನಿಲ್ಲುತ್ತಿದ್ದರು. ಹೆಂಗಸರ ನಡಿಗೆ ಅಷ್ಟು ನಿಧಾನವಾಗಿರಲಿಲ್ಲ. ಯಾಕೆ ಅಂದರೆ ಅವರಿಗೆ ಒಲೆ, ಮಕ್ಕಳು, ನೀರು ಎಲ್ಲ ಇದ್ದವು! ಅಲ್ಲಿನವರ ಕಾಲು ನೆಟ್ಟಗಿದ್ದೂ ಹೀಗೆ. ನಿಮ್ಮ ತಮ್ಮನದು ಇನ್ನೂ ಕಷ್ಟ.

ಇನ್ನೊಂದು ಪ್ರಶ್ನೆ, ಬೇಜಾರಾಗಬೇಡಿ. ಆ 800 ರೂಪಾಯಿ ಯಾರ ಕೈಗೆ ಹೋಗುತ್ತದೆ? ಬಹಳ ಮನೆಗಳಲ್ಲಿ ಪಾಸ್‌ಬುಕ್ ಅಪ್ಪನ ಹತ್ತಿರವೋ ಅವ್ವನ ಹತ್ತಿರವೋ ಇರುತ್ತದೆ. ಅವನ ಹೆಸರಿನ ರೊಕ್ಕಕ್ಕೆ ಅವನೇ ಕೈಚಾಚಬೇಕು. ಪಾಸ್‌ಬುಕ್ ಅವನಿಗೆ ಕೊಡಿ. ತಿಂಗಳ ಹಾಲಿನ ರೊಕ್ಕ ಅವನೇ ಕೊಡಲಿ.

ಇಷ್ಟರ ಜೊತೆಗೆ ಖಿನ್ನತೆ ಇದೆಯಾ ನೋಡಬೇಕು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಹಸಿವು ಕೆಟ್ಟಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದೂ ಬೇಡವಾಗಿದ್ದರೆ ವೈದ್ಯರಿಗೆ ತೋರಿಸಿ. ‘ಸಾಯೋ ವಿಚಾರ ಬರತೈತೇನು?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ‘ಹೌದು’ ಅಂದರೆ ಅವತ್ತೇ ಕರೆದುಕೊಂಡು ಹೋಗಿ, ಒಬ್ಬನನ್ನೇ ಬಿಡಬೇಡಿ. ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಪ್ಪನಿಗೆ ಒಂದು ತಿಂಗಳು ‘ಮೈಗಳ್ಳ’ ಅನ್ನುವ ಶಬ್ದ ಬಿಡಲು ಹೇಳಿ. ಹುರುಪು ಬಂದ ಮೇಲೆ ಕೆಲಸ ಮಾಡುತ್ತಾನೆ ಅಂತ ಕಾಯುವುದೂ ಬೇಡ. ಸಣ್ಣದೊಂದು ಕೆಲಸ ಶುರುವಾದ ಮೇಲೆ ಹುರುಪು ಹಿಂದಿನಿಂದ ಬರುವುದೇ ಜಾಸ್ತಿ. ಗೆಳೆಯನೂ ‘ಕೆಲಸಕ್ಕ ಬಾ’ ಅನ್ನುವುದನ್ನು ನಿಲ್ಲಿಸಲಿ. ಬದಲಿಗೆ ಒಂದು ದಿನ ಫೋನ್ ಮಾಡಿ ಇಷ್ಟೇ ಹೇಳಲಿ: ‘ಸಂಜಿ ನಾಕಕ್ಕ ಸ್ವಲ್ಪ ಅಂಗಡಿ ನೋಡ್ಕೊಳ್ಳೋ, ನಾ ಚಾ ಕುಡದು ಬರ್ತೀನಿ.’