ಮುಖ್ಯ ಕಾರ್ಯನಿರ್ವಾಹಕರನ್ನು ಹುಡುಕುವ ಮೊದಲು ಮಂಡಳಿ ಏನನ್ನು ಬಿಟ್ಟುಕೊಡಬೇಕು?

ಪ್ರಶ್ನೆ: ಮಾನ್ಯರೇ, ಶರಣು. ನಾನು ಸೇಡಂ ಸಮೀಪದ ಸಿಮೆಂಟ್ ಕಾರ್ಖಾನೆಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿ 18 ವರ್ಷಗಳಿಂದ ಕೆಲಸ ಮಾಡುತ್ತಿದ್ದು, ನಮ್ಮ ವೃತ್ತಿಯ ರಾಷ್ಟ್ರೀಯ ಸಂಘವೊಂದರ ಮಂಡಳಿಗೆ ಕಲಬುರಗಿ ಶಾಖೆಯಿಂದ ಆಯ್ಕೆಯಾಗಿದ್ದೇನೆ. ಇದುವರೆಗೆ ಗೌರವ ಕಾರ್ಯದರ್ಶಿಗಳೇ ಕಚೇರಿ ನೋಡಿಕೊಳ್ಳುತ್ತಿದ್ದರು. ಈಗ ಮೊದಲ ಬಾರಿಗೆ ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರನ್ನು ನೇಮಿಸಲು ತೀರ್ಮಾನವಾಗಿದೆ, ಐದು ಜನರ ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೇನೆ. ಕಳೆದ ವರ್ಷ ಅವಧಿ ಮುಗಿಸಿದ ಅಧ್ಯಕ್ಷರು ಆ ಹುದ್ದೆಗೆ ಬರಲು ಉತ್ಸುಕರಾಗಿದ್ದು, ಸಮಿತಿಯ ಇಬ್ಬರು ಅವರ ಪರವಾಗಿದ್ದಾರೆ. ಇನ್ನಿಬ್ಬರು ದೊಡ್ಡ ಕಂಪನಿಯೊಂದರ ಹೆಸರಾಂತ ಎಚ್‌ಆರ್ ಮುಖ್ಯಸ್ಥರನ್ನೇ ತರಬೇಕೆನ್ನುತ್ತಾರೆ. ದೆಹಲಿ, ಮುಂಬೈಗಳಿಂದ ಬಂದವರಿಗೆ ನಮ್ಮಂಥ ಸಣ್ಣ ಶಾಖೆಗಳ ಕಷ್ಟ ತಿಳಿದೀತೇ ಎಂಬ ಅಳುಕು ನನ್ನದು. ಎಲ್ಲಿಂದ ಆರಂಭಿಸಬೇಕು?
— ಹೆಸರು ಬೇಡ, ಸೇಡಂ

ಉತ್ತರ: ನಿಮಗೂ ಶರಣು. ನಿಮ್ಮ ಪತ್ರದಲ್ಲಿ ಯಾರು ಬರಬೇಕೆಂಬ ಚರ್ಚೆ ಇದೆ. ಬಂದವರು ಏನು ಮಾಡಬೇಕು, ಮಂಡಳಿ ಯಾವುದನ್ನು ಮಾಡದೆ ಬಿಡಬೇಕು ಎಂಬುದರ ಸುಳಿವಿಲ್ಲ. ಸಂಘಗಳಲ್ಲಿ ಇಂಥ ನೇಮಕಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಷ್ಟು ವರ್ಷ ಚೆಕ್ಕಿಗೆ ಸಹಿ ಮಾಡಿದವರು, ಸಮ್ಮೇಳನದ ಊಟದ ಗುತ್ತಿಗೆಯಿಂದ ಹಿಡಿದು ಸಿಬ್ಬಂದಿಯ ರಜೆಯವರೆಗೆ ಎಲ್ಲವನ್ನೂ ನಿರ್ಧರಿಸಿದವರು, ಒಬ್ಬರನ್ನು ನೇಮಿಸಿದ ಮರುದಿನ ಆ ಅಭ್ಯಾಸವನ್ನು ತಾವಾಗಿಯೇ ಬಿಡುವುದಿಲ್ಲ. ಹಾಗಾಗಿ ಜಾಹೀರಾತಿಗೆ ಮೊದಲು ಒಂದು ಪುಟದ ಟಿಪ್ಪಣಿ ಸಿದ್ಧವಾಗಲಿ. ನೀತಿ, ವಾರ್ಷಿಕ ಬಜೆಟ್, ಲೆಕ್ಕ ಪರಿಶೋಧಕರ ಶಿಫಾರಸು, ಶಾಖೆಗಳ ಮಾನ್ಯತೆ ಮಂಡಳಿಯ ಕೈಯಲ್ಲಿ ಉಳಿಯಲಿ. ಸಿಬ್ಬಂದಿಯ ನೇಮಕ ಮತ್ತು ಮೇಲ್ವಿಚಾರಣೆ, ಬಜೆಟ್ಟಿನ ಮಿತಿಯೊಳಗಿನ ಖರ್ಚು, ಸದಸ್ಯತ್ವ ನವೀಕರಣ, ತರಬೇತಿ ಮತ್ತು ಪರೀಕ್ಷೆಗಳ ನಿರ್ವಹಣೆ ಮುಖ್ಯ ಕಾರ್ಯನಿರ್ವಾಹಕರದಾಗಲಿ. ಎಷ್ಟು ರೂಪಾಯಿಯವರೆಗೆ ಅವರೊಬ್ಬರೇ ಮಂಜೂರು ಮಾಡಬಹುದೆಂಬ ಅಂಕಿಯೂ ಅದರಲ್ಲಿರಬೇಕು. ಅಂಕಿಯಿಲ್ಲದ ಅಧಿಕಾರ ಮೊದಲ ಬಿಲ್ಲಿಗೇ ತಕರಾರಾಗುತ್ತದೆ.

ಅನಂತರ ನಿಮ್ಮ ಬೈಲಾವನ್ನು ತೆಗೆದು ಓದಿ. ಸಂಘ ನೋಂದಣಿಯಾಗಿರುವುದು 1860ರ ಸಂಘಗಳ ನೋಂದಣಿ ಕಾಯ್ದೆಯಡಿಯೋ, ಕರ್ನಾಟಕದ 1960ರ ಕಾಯ್ದೆಯಂಥ ರಾಜ್ಯ ಕಾಯ್ದೆಯಡಿಯೋ, ಲಾಭದ ಉದ್ದೇಶವಿಲ್ಲದ ಕಂಪನಿಗಳಿಗಿರುವ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬ್ಯಾಂಕ್ ವ್ಯವಹಾರ ಮತ್ತು ಸಿಬ್ಬಂದಿ ನೇಮಕದ ಅಧಿಕಾರ ಗೌರವ ಕಾರ್ಯದರ್ಶಿಗೇ ಸೇರಿದ್ದೆಂದು ಬೈಲಾದಲ್ಲಿದ್ದರೆ, ನೀವು ಎಂಥ ಸಮರ್ಥರನ್ನು ತಂದರೂ ಅವರು ಹೆಚ್ಚು ಸಂಬಳದ ಕಚೇರಿ ವ್ಯವಸ್ಥಾಪಕರಾಗಿಯೇ ಉಳಿಯುತ್ತಾರೆ. ತಿದ್ದುಪಡಿ ಬೇಕಿದ್ದರೆ ಸರ್ವಸದಸ್ಯರ ಸಭೆಯ ಒಪ್ಪಿಗೆಯನ್ನು ನೇಮಕಕ್ಕೆ ಮೊದಲೇ ಪಡೆಯಿರಿ.

ಮಾಜಿ ಅಧ್ಯಕ್ಷರ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಹೆಚ್ಚು ಬಾಧಿಸುತ್ತಿರುವುದೂ ಅದೇ ಎಂದು ತೋರುತ್ತದೆ. ಅವರ ಯೋಗ್ಯತೆಯ ಬಗ್ಗೆ ನನಗೆ ಪ್ರಶ್ನೆಯಿಲ್ಲ. ಆದರೆ ನಿನ್ನೆಯವರೆಗೆ ಮಂಡಳಿಯ ಮುಂದಾಳಾಗಿದ್ದವರು ಇಂದು ಅದೇ ಮಂಡಳಿಗೆ ಉತ್ತರ ಕೊಡಬೇಕಾದ ನೌಕರರಾದಾಗ, ಅವರನ್ನು ಪ್ರಶ್ನಿಸುವ ಧೈರ್ಯ ಹೊಸ ಅಧ್ಯಕ್ಷರಿಗೆ ಸುಲಭವಾಗಿ ಬರುವುದಿಲ್ಲ. ಅಮೆರಿಕದ ಮಾನವ ಸಂಪನ್ಮೂಲ ವೃತ್ತಿಪರರ ಸಂಘವಾದ ಸೊಸೈಟಿ ಫಾರ್ ಹ್ಯೂಮನ್ ರಿಸೋರ್ಸ್ ಮ್ಯಾನೇಜ್‌ಮೆಂಟ್‌ಗೆ 2017ರಲ್ಲಿ ಮುಖ್ಯಸ್ಥರಾಗಿ ಬಂದ ಜಾನಿ ಟೇಲರ್ ಕೂಡ ಹಿಂದೊಮ್ಮೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರೇ. ಆದರೆ ಅವರು ನೇರವಾಗಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಬರಲಿಲ್ಲ. ನಡುವೆ ವರ್ಷಗಟ್ಟಲೆ ಬೇರೊಂದು ಸಂಸ್ಥೆಯನ್ನು ಮುನ್ನಡೆಸಿದ್ದರು. ನಿಮ್ಮ ಮಂಡಳಿ ಕನಿಷ್ಠ ಒಂದು ಪೂರ್ಣ ಅವಧಿಯ ಅಂತರವನ್ನು ನಿಯಮವಾಗಿಯೇ ತರುವುದು ಒಳ್ಳೆಯದು, ಅದು ಒಬ್ಬ ವ್ಯಕ್ತಿಯ ವಿರುದ್ಧದ ನಿರ್ಣಯವಾಗಿ ಕಾಣುವುದಿಲ್ಲ. ಮಂಡಳಿ ಒಪ್ಪದಿದ್ದರೆ ಅವರು ಎಲ್ಲರಂತೆ ಅರ್ಜಿ ಹಾಕಲಿ, ಅವರ ಪರ ಈಗಾಗಲೇ ಮಾತನಾಡಿರುವ ಇಬ್ಬರು ಸಮಿತಿಯಿಂದ ಹೊರಗುಳಿಯಲಿ. ಕಲ್ಯಾಣದ ಅನುಭವ ಮಂಟಪದ ಬಗ್ಗೆ ನಮ್ಮ ಭಾಗದ ಜನ ಇಂದಿಗೂ ಹೇಳುವ ಮಾತಿದೆ: ಕಟ್ಟಿದವರು ಬಸವಣ್ಣನವರು, ಶೂನ್ಯಪೀಠದಲ್ಲಿ ಕುಳಿತವರು ಅಲ್ಲಮಪ್ರಭುಗಳು. ಬೀದರ್ ಜಿಲ್ಲೆಯ ಈ ನೆನಪನ್ನು ನಿಮ್ಮ ಮಾಜಿ ಅಧ್ಯಕ್ಷರ ಮುಂದೆ ಗೌರವದಿಂದಲೇ ಇಡಬಹುದು.

ಹೆಸರಾಂತ ಎಚ್‌ಆರ್ ಮುಖ್ಯಸ್ಥರೇ ಬೇಕೆಂಬ ವಾದವನ್ನೂ ನಾನು ಪೂರ್ತಿ ಒಪ್ಪಲಾರೆ. ಕಂಪನಿಯಲ್ಲಿ ಆದೇಶ ನಡೆಯುತ್ತದೆ. ಸಂಘದಲ್ಲಿ ಸದಸ್ಯರೇ ಒಡೆಯರು, ಶಾಖೆಗಳ ಪದಾಧಿಕಾರಿಗಳು ಸಂಬಳವಿಲ್ಲದೆ ಭಾನುವಾರ ದುಡಿಯುವವರು. ಅವರನ್ನು ಒಲಿಸಿಕೊಂಡು ಕೆಲಸ ಮಾಡಿಸಿದ ಅನುಭವ ಸಹಕಾರಿ ಸಂಸ್ಥೆ, ವಾಣಿಜ್ಯೋದ್ಯಮ ಮಂಡಳಿ ಅಥವಾ ವಿಶ್ವವಿದ್ಯಾಲಯದ ಆಡಳಿತ ನಡೆಸಿದವರಲ್ಲಿ ಹೆಚ್ಚಾಗಿರಬಹುದು. ಜೊತೆಗೆ, ನಮ್ಮ ದೇಶದಲ್ಲಿ ಈ ವೃತ್ತಿ ಹುಟ್ಟಿದ್ದು ಗಾಜಿನ ಕಚೇರಿಗಳಲ್ಲಲ್ಲ, ಕಾರ್ಖಾನೆಯ ಅಂಗಳದಲ್ಲಿ. 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣ ಅಧಿಕಾರಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತು. ಕೋಲ್ಕತ್ತದಲ್ಲಿ 1947ರಲ್ಲಿ, ಮುಂಬೈಯಲ್ಲಿ 1950ರಲ್ಲಿ ಆರಂಭವಾದ ಈ ವೃತ್ತಿಯ ಎರಡು ಸಂಸ್ಥೆಗಳು 1980ರಲ್ಲಿ ಕೂಡಿಕೊಂಡು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸನೆಲ್ ಮ್ಯಾನೇಜ್‌ಮೆಂಟ್ ಆಯಿತು. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರ ಹಾಜರಿ, ಪಿಎಫ್, ಅಪಘಾತ ಪರಿಹಾರ ನೋಡುವವರೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನೇಮಕಾತಿ ನಡೆಸುವವರೂ ಒಂದೇ ಸಂಘಕ್ಕೆ ಚಂದಾ ಕೊಡುತ್ತಾರೆ. ಇಬ್ಬರ ಮಾತೂ ಅರ್ಥವಾಗುವ ಒಬ್ಬರು ನಿಮಗೆ ಬೇಕು.

ನಿಮ್ಮ ಅಳುಕಿಗೆ ಪರಿಹಾರ ಇಲ್ಲಿದೆ. ಅಭ್ಯರ್ಥಿ ಯಾವ ಊರಿನವರೆಂದು ಕೇಳಬೇಡಿ. ಕೊನೆಯ ಸುತ್ತಿನ ಇಬ್ಬರು ಮೂವರನ್ನು ಕಲಬುರಗಿಯಂಥ ಒಂದು ಶಾಖೆಗೆ ಕಳಿಸಿ, ಅರ್ಧ ದಿನ ಸದಸ್ಯರೊಂದಿಗೆ ಕೂರಿಸಿ. ಚಂದಾ ನವೀಕರಿಸದೆ ಬಿಟ್ಟವರನ್ನೂ ಆ ಸಭೆಗೆ ಕರೆಯಿರಿ. ಯಾರು ಉಪನ್ಯಾಸ ಕೊಟ್ಟರು, ಯಾರು ಪುಸ್ತಕ ತೆರೆದು ಬರೆದುಕೊಂಡರು ಎಂಬುದು ಅಲ್ಲಿದ್ದವರಿಗೆ ಗೊತ್ತಾಗುತ್ತದೆ. ಇನ್ನೊಂದು ಪರೀಕ್ಷೆ: ಸಂಘದ ಮೂರು ವರ್ಷಗಳ ಪರಿಶೋಧಿತ ಲೆಕ್ಕಪತ್ರಗಳನ್ನು ವಾರ ಮೊದಲೇ ಕೊಟ್ಟು, ಅದರಲ್ಲಿ ಅವರಿಗೆ ಕಂಡದ್ದೇನೆಂದು ಸಂದರ್ಶನದಲ್ಲಿ ಕೇಳಿ. ಅವರ ಕೈಕೆಳಗೆ ದುಡಿದವರನ್ನೂ ವಿಚಾರಿಸಿ. ಮೇಲಧಿಕಾರಿಗಳ ಪ್ರಶಂಸೆ ಹೇಗೂ ಸಿಗುತ್ತದೆ.

ಸಂಬಳದ ಲೆಕ್ಕವನ್ನು ಕಂಪನಿಗಳ ಸಿಟಿಸಿಯಿಂದ (ನೌಕರರೊಬ್ಬರಿಗೆ ಕಂಪನಿ ಮಾಡುವ ಒಟ್ಟು ವಾರ್ಷಿಕ ವೆಚ್ಚ) ಹಾಕಬೇಡಿ, ಚಂದಾದಿಂದ ಹಾಕಿ. ವರ್ಷದ ಚಂದಾ 2,000 ರೂಪಾಯಿ ಎಂದಿಟ್ಟುಕೊಂಡರೆ, 60 ಲಕ್ಷ ರೂಪಾಯಿಯ ವೇತನವೆಂದರೆ 3,000 ಸದಸ್ಯರ ಪೂರ್ತಿ ಚಂದಾ ಒಬ್ಬರಿಗೇ ಹೋದಂತೆ. ಆ ಸದಸ್ಯರ ಎದುರು ನಿಂತು ಸಮರ್ಥಿಸಬಲ್ಲ ಮೊತ್ತವನ್ನಷ್ಟೇ ಒಪ್ಪಿ. ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಇದ್ದರೆ, ಆಡಳಿತ ನಡೆಸುವವರಿಗೆ ಕೆಲಸಕ್ಕೆ ಮೀರಿದ ಸಂಭಾವನೆ ಕೊಡುವುದು ಆ ವಿನಾಯಿತಿಗೇ ಕುತ್ತಾಗಬಹುದು. ಚಾರ್ಟರ್ಡ್ ಅಕೌಂಟೆಂಟರ ಲಿಖಿತ ಸಲಹೆ ಪಡೆಯಿರಿ. ಪ್ರಾಯೋಜಕತ್ವದ ಮೊತ್ತಕ್ಕೆ ಅಥವಾ ಮಾರಿದ ಪ್ರಮಾಣಪತ್ರಗಳ ಸಂಖ್ಯೆಗೆ ಪ್ರೋತ್ಸಾಹಧನ ಕಟ್ಟುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ, ಏಕೆಂದರೆ ಪರೀಕ್ಷೆಯ ಮಟ್ಟ ಕುಸಿದರೆ ಆ ಪ್ರಮಾಣಪತ್ರ ನಂಬಿ ಕೆಲಸ ಹುಡುಕುವ ಯಾದಗಿರಿಯ ಹುಡುಗಿಗೆ ನಷ್ಟ.

ಕರಾರು ಮೂರು ವರ್ಷದ್ದಾಗಿರಲಿ, ಮೊದಲ ಆರು ತಿಂಗಳು ಪರೀಕ್ಷಾರ್ಥ ಅವಧಿ. ಕೆಲಸದ ಮೌಲ್ಯಮಾಪನ ಅಧ್ಯಕ್ಷರೊಬ್ಬರದಾಗದೆ ಮೂವರ ಸಮಿತಿಯದಾಗಲಿ. ಚುನಾವಣೆಯಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ಮುಖ್ಯ ಕಾರ್ಯನಿರ್ವಾಹಕರ ಕುರ್ಚಿಯೂ ಅಲುಗಾಡಿದರೆ ಒಳ್ಳೆಯವರು ನಿಲ್ಲುವುದಿಲ್ಲ.

ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಉತ್ತರ ಹೋಗಬೇಕು. ಸಂದರ್ಶನಕ್ಕೆ ಬಂದು ಆಯ್ಕೆಯಾಗದವರಿಗೆ, ಹೆಸರು ಪ್ರಕಟವಾಗುವ ಮೊದಲೇ, ಸಮಿತಿಯ ಒಬ್ಬರು ಫೋನ್ ಮಾಡಿ ಕಾರಣ ತಿಳಿಸಬೇಕು. ಮಾಜಿ ಅಧ್ಯಕ್ಷರೂ ಆ ಪಟ್ಟಿಯಲ್ಲಿದ್ದರೆ ಫೋನ್ ಸಾಲದು, ನೀವೇ ಅವರ ಮನೆಗೆ ಹೋಗಿ ಬನ್ನಿ.